ಆಯಿ ಮನೆಯಲ್ಲಿದ್ದಾರೆ

ನಮ್ಮ ಅಂಗಡಿಯ ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುವ ಬಂಡಿಯೊಂದಿದೆ. ದಿನವೂ ಅಲ್ಲಿ ಯಾವುದೋ ಪಾಕೀಟಿನ ಎಣ್ಣೆ ಕಾಯುತ್ತದೆ, ಅದಕ್ಕೆ ನನ್ನ ಮೂಗು ಒಗ್ಗಿಹೋಗಿದೆ. ಇವತ್ತು ಸಂಜೆ ಮಾತ್ರ ಬಂಡಿಯವನಿಗೆ ಎಲ್ಲಿಂದಲೋ ಗಾಣದ ಕುಸುಬಿ ಎಣ್ಣೆ ಸಿಕ್ಕಿರಬೇಕು. ವಾಸನೆ ಒಳಗೆ ಬಂದದ್ದೇ ತಡ, ಮಾಡುತ್ತಿದ್ದ ಕೆಲಸ ಬಿಟ್ಟು ಸುಮ್ಮನೆ ಕುಳಿತೆ. ಕುಸುಬಿ ಎಣ್ಣೆ ಎಂದರೆ ನಿಮಗೆ ಭಜಿ ನೆನಪಾಗಬಹುದು, ರೊಟ್ಟಿಯ ಮೇಲಿನ ಖಾರ ನೆನಪಾಗಬಹುದು. ನನಗೆ ರಂಗಂಪೇಟೆಯ ದೇವಿಂದ್ರಮ್ಮ ಆಯಿ ನೆನಪಾಗುತ್ತಾಳೆ, ಅವಳ ಹಿಂದೆಯೇ ಒಂದು ವೆಬ್‌ಸೈಟು ನೆನಪಾಗುತ್ತದೆ. ಎಣ್ಣೆಗೂ ವೆಬ್‌ಸೈಟಿಗೂ ಎಲ್ಲಿಯ ನಂಟು ಎನ್ನಬೇಡಿ. ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ.

ಶಹಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಬೋರ್ಡಿನ ಮೇಲೆ ‘ವೆಬ್ ಡಿಸೈನರ್’ ಎಂದು ದೊಡ್ಡದಾಗಿ ಬರೆಸಿದ್ದೇನೆ. ನಮ್ಮ ಮಾವನವರು ಇವತ್ತಿಗೂ ನೆಂಟರ ಮುಂದೆ ‘ನಮ್ಮ ಅಳಿಯಂದು ಝೆರಾಕ್ಸ್ ಅಂಗಡಿ’ ಎಂದೇ ಹೇಳುತ್ತಾರೆ, ಅದೂ ಸುಳ್ಳಲ್ಲ. ನನ್ನಲ್ಲಿ ವೆಬ್‌ಸೈಟು ಮಾಡಿಸುವವರೆಂದರೆ ಗೊಬ್ಬರದ ಅಂಗಡಿಯವರು, ಮದುವೆ ಮಂಟಪದವರು, ಬೋರ್‌ವೆಲ್ ಲಾರಿಯವರು, ಯಾದಗಿರಿಯ ಒಬ್ಬ ಬೇಳೆ ಮಿಲ್ಲಿನ ಸಾಹುಕಾರರು. ಊರು ಬೇರೆ, ವ್ಯಾಪಾರ ಬೇರೆ, ಮೊದಲ ಪ್ರಶ್ನೆ ಮಾತ್ರ ಎಲ್ಲರದೂ ಒಂದೇ: “ಪುಕ್ಕಟ ಆಗೋದಿದ್ರ ರೊಕ್ಕದ್ದು ಯಾಕ ಬೇಕ್ರಿ?”

ಇದಕ್ಕೆ ನನ್ನ ಬಳಿ ಒಂದು ಸಿದ್ಧ ಭಾಷಣವಿದೆ. ಪುಕ್ಕಟೆಯವರು ಜಾಗ ಕೊಡುತ್ತಾರೆ, ಆದರೆ ನಿಮ್ಮ ವಿಳಾಸದ ಬಾಲಕ್ಕೆ ತಮ್ಮ ಹೆಸರು ಕಟ್ಟುತ್ತಾರೆ, ಪುಟದ ಬುಡದಲ್ಲಿ ತಮಗೆ ಬೇಕಾದ ಜಾಹೀರಾತು ಹಚ್ಚುತ್ತಾರೆ, ಮನಸ್ಸು ಬಂದ ದಿನ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ದುಡ್ಡು ಕೊಟ್ಟರೆ ಹೆಸರು ನಿಮ್ಮದೇ, ಜಾಹೀರಾತಿಲ್ಲ, ಆದರೆ ವರ್ಷ ವರ್ಷವೂ ಕಟ್ಟುತ್ತಿರಬೇಕು. ಮೊದಲೆಲ್ಲ ಇದನ್ನು ಬಾಡಿಗೆ ಮನೆ, ಸ್ವಂತ ಮನೆ ಎಂದು ವಿವರಿಸುತ್ತಿದ್ದೆ. ಬೇಳೆ ಮಿಲ್ಲಿನ ಸಾಹುಕಾರರು ಒಂದು ದಿನ ಚಹಾದ ಕಪ್ಪು ಕೆಳಗಿಟ್ಟು, “ಸ್ವಂತ ಮನಿಗೆ ವರ್ಷಾ ವರ್ಷಾ ಬಾಡಗಿ ಯಾವನು ಕಟ್ತಾನ್ರಿ?” ಎಂದರು. ಅಂದಿನಿಂದ ಹೋಲಿಕೆ ಬಿಟ್ಟೆ. ಭಾಷಣ ಬಿಡಲಿಲ್ಲ.

ಇಂಥ ದಿನಗಳಲ್ಲೇ ಮಹಾದೇವಿ ಬಂದದ್ದು. ಸುರಪುರದ ಕಚೇರಿಯೊಂದರಲ್ಲಿ ಕ್ಲಾರ್ಕ್, ದೇವಿಂದ್ರಮ್ಮ ಆಯಿಯ ಮಗಳು. ಆಯಿ ಉಳುಕು ತಿಕ್ಕುವವಳು. ಕುತ್ತಿಗೆ ಹಿಡಿದವರು, ಸೊಂಟ ಹಿಡಿದವರು, ಕಾಲು ಹೊರಳಿದವರು ಅವಳ ಕಟ್ಟೆಗೆ ಬರುತ್ತಿದ್ದರು. ಎಲುಬಿನ ಅನುಮಾನ ಬಂದರೆ ಮುಟ್ಟದೆ ದವಾಖಾನೆಗೆ ಕಳಿಸುತ್ತಿದ್ದಳು. ಈ ಕೈಗುಣವನ್ನು ಅವಳಿಗೆ ಕೊಟ್ಟದ್ದು ಅವಳ ಅತ್ತೆ, ಕೊಡುವಾಗ ಒಂದು ಕಟ್ಟಳೆಯನ್ನೂ ಕೊಟ್ಟಿದ್ದಳು: ಈ ಕೆಲಸಕ್ಕೆ ರೊಕ್ಕ ತೆಗೆದುಕೊಳ್ಳಬಾರದು, ಕೊಡಲೂಬಾರದು. ಮುರಿದರೆ ಕೈಗುಣ ಹೋಗುತ್ತದೆ. ಬಂದವರು ಕುಸುಬಿ ಎಣ್ಣೆ ತಾವೇ ತರಬೇಕು, ಉಳಿದದ್ದನ್ನು ತಾವೇ ಒಯ್ಯಬೇಕು.

ತೊಂದರೆ ಇದ್ದದ್ದು ಬೇರೆ ಕಡೆ. ಆಯಿಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಇವತ್ತು ಹೊಲ, ನಾಳೆ ಕೆಂಭಾವಿಯಲ್ಲಿ ತಂಗಿಯ ಮನೆ. ಯಾದಗಿರಿಯಿಂದ ಬಸ್ಸು ಬದಲಿಸಿ ಬದಲಿಸಿ ಬಂದವರು ಬಾಗಿಲಿಗೆ ಹಾಕಿದ ಕೀಲಿ ನೋಡಿ, ಸೊಟ್ಟ ಕುತ್ತಿಗೆಯನ್ನು ಹಾಗೇ ಹೊತ್ತು ಹಿಂದಿರುಗುತ್ತಿದ್ದರು. ಫೋನು ಮಾಡಿದರೆ ಎಣ್ಣೆಗೈಯಲ್ಲಿ ಆಯಿ ಮುಟ್ಟುತ್ತಿರಲಿಲ್ಲ. ಹಾಗಾಗಿ ಮಹಾದೇವಿಗೆ ಬೇಕಾದದ್ದು ಒಂದೇ ಪುಟದ ವೆಬ್‌ಸೈಟು. ಅದರಲ್ಲಿ ‘ಆಯಿ ಮನೆಯಲ್ಲಿದ್ದಾರೆ’ ಎಂದಿರಬೇಕು, ಇಲ್ಲವೇ ‘ಆಯಿ ಮನೆಯಲ್ಲಿಲ್ಲ’ ಎಂದಿರಬೇಕು. ಕಚೇರಿಗೆ ಹೋಗುವ ಮುಂಚೆ ದಿನವೂ ತಾನೇ ಬದಲಿಸುತ್ತೇನೆ ಎಂದಳು.

ನಾನು ಭಾಷಣ ಮಾಡಿದೆ. ಮಹಾದೇವಿ ದುಡ್ಡಿನದ್ದೇ ಇರಲಿ ಎಂದಳು. ಅವ್ವನಿಗೊಂದು ಮಾತು ಕೇಳುತ್ತೇನೆ ಎಂದು ಫೋನು ಹಚ್ಚಿದಳು. ಪುಣ್ಯಕ್ಕೆ ಆಯಿಯ ಕೈ ಒಣಗಿತ್ತು. “ರೊಕ್ಕ ಕೊಟ್ಟು ಏನೂ ಮಾಡಬ್ಯಾಡ” ಎಂಬ ಮಾತು ನನಗೂ ಕೇಳಿಸಿತು. ಸರಿ, ಪುಕ್ಕಟೆಯದ್ದೇ ಆಯಿತು. ತರಿಸಿದ ಚಹಾ ಆರುವುದರೊಳಗೆ ಮುಗಿಸಿಕೊಟ್ಟೆ.

ಪುಟ ಚೆನ್ನಾಗಿ ನಡೆಯಿತು. ಜನ ನೋಡಿಕೊಂಡು ಬರತೊಡಗಿದರು, ನಾನೂ ಸಿಕ್ಕವರ ಮುಂದೆ ಕೊಚ್ಚಿಕೊಂಡೆ. ಕೆಲವು ತಿಂಗಳ ಮೇಲೆ ಒಬ್ಬಾತ ಎಣ್ಣೆಯ ಬದಲು ನೋವಿನ ಮುಲಾಮಿನ ಹಸಿರು ಟ್ಯೂಬು ತಂದು, “ಆಯಿ, ನೀ ಹೇಳಿದ್ದ ತಂದೀನಿ ನೋಡು” ಎಂದನಂತೆ. ನಾನು ಯಾವಾಗ ಹೇಳಿದೆ ಎಂದು ಆಯಿ ಕೇಳಿದ್ದಕ್ಕೆ ಫೋನು ತೆಗೆದು ತೋರಿಸಿದ. ಆಯಿಗೆ ಓದು ಬಾರದು. ಆದರೆ ತನ್ನ ಪುಟದಲ್ಲಿ ಆ ಟ್ಯೂಬಿನ ಚಿತ್ರ ಕುಳಿತಿರುವುದು ಕಾಣಿಸಿತು. ಅವನನ್ನು ಮುಟ್ಟಲಿಲ್ಲ, ಮರುದಿನ ಬಂದವರನ್ನೂ ಮುಟ್ಟಲಿಲ್ಲ.

“ಅಣ್ಣಾರ, ಅವ್ವ ತಿಕ್ಕೂದು ಬಿಟ್ಟಾಳ್ರಿ,” ಮಹಾದೇವಿ ಫೋನಿನಲ್ಲಿ ಅಳುವ ಹಾಗಿದ್ದಳು. “ಬಂದವ್ರು ಹೊಳ್ಳಿ ಹೋಗಾಕತ್ತಾರ. ನನ್ನ ಕೈ ಹೋಗ್ಯಾದ ಅಂತಾಳ. ಊಟಾನೂ ಸರಿಯಾಗಿ ಮಾಡವಲ್ಲಳು.”

ರಂಗಂಪೇಟೆಗೆ ಹೋದೆ. ಜಾಹೀರಾತು ಎಂದರೇನು, ಅದು ಯಾಕೆ ಬರುತ್ತದೆ ಎಂಬುದನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆಯಿ ಕಟ್ಟೆಯ ಮೇಲೆ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ಕುಳಿತಿದ್ದಳು. ನೋಡಿ ನನಗೆ ಸಂಕಟವಾಯಿತು.

“ಆಯಿ, ಅದು ಪುಕ್ಕಟದ್ದು. ಪುಕ್ಕಟ ಕೊಡೋರು ಹಂಗ ಜಾಹೀರಾತು ಹಚ್ಚತಾರ,” ಎಂದೆ.

“ಮತ್ತ ಪುಕ್ಕಟ ಹೆಂಗಾತು? ನನ್ನ ಹೆಸರಿನ ಮ್ಯಾಲ ರೊಕ್ಕ ನಾ ತಗೊಂಡ್ರೇನು, ಮತ್ತೊಬ್ಬ ತಗೊಂಡ್ರೇನು?”

“ಅವ್ವಾ, ರೊಕ್ಕದ್ದ ಹಾಕಸೋಣ. ನಾ ತುಂಬತೀನಿ,” ಮಹಾದೇವಿ ಅಂದಳು.

“ನೀ ಬ್ಯಾರೆ, ನಾ ಬ್ಯಾರೆ ಏನು?”

ಇನ್ನು ಉಳಿದದ್ದು ಒಂದೇ ದಾರಿ. ನನ್ನ ಅಂಗಡಿಗೇ ಒಂದು ವೆಬ್‌ಸೈಟಿದೆ, ಅದರ ವಿಳಾಸದಲ್ಲಿರುವುದು ಬರೀ ಊರಿನ ಹೆಸರು, ಒಳಗೆ ಬೇಕಾದಷ್ಟು ಜಾಗ ಖಾಲಿ ಬಿದ್ದಿದೆ. ಇನ್ನೊಂದು ಪುಟ ಸೇರಿಸಿದರೆ ನನಗೆ ಖರ್ಚೇನೂ ಹೆಚ್ಚುವುದಿಲ್ಲ. “ನಿಮ್ಮ ಕಟ್ಟಿ ಮ್ಯಾಲ ಯಾರರೆ ಬಂದು ಕುಂತ್ರ ಕಟ್ಟಿಗೇನು ಖರ್ಚು, ಆಯಿ? ಇದೂ ಹಂಗ,” ಎಂದೆ. ಆಯಿ ತಾನು ಕುಳಿತ ಕಟ್ಟೆಯನ್ನೊಮ್ಮೆ ನೋಡಿ, ಮಾಡು ನೋಡೋಣ ಎಂದಳು. ಅಲ್ಲೇ ಕುಳಿತು ಫೋನಿನಲ್ಲೇ ಮಾಡಿದೆ. ಹಳೆಯ ಪುಟ ಅಳಿಸಿದೆ. ಒಂದಕ್ಷರ ಬಿಡದೆ ಓದಬೇಕೆಂದು ಆಯಿ ಮಗಳಿಗೆ ತಾಕೀತು ಮಾಡಿದಳು.

ಮಹಾದೇವಿ ಕಚೇರಿಯ ಕಾಗದ ಓದುವ ಹಾಗೆ ಓದಿದಳು: “ಆಯಿ ಮನೆಯಲ್ಲಿದ್ದಾರೆ.” ಆಮೇಲೆ ಕೆಳಗಿನ ಸಣ್ಣಕ್ಷರಕ್ಕೆ ಇಳಿದು ನನ್ನ ಹೆಸರು ಓದಿದಳು, ಅಂಗಡಿಯ ಹೆಸರು ಓದಿದಳು, ಫೋನ್ ನಂಬರು ಓದಿದಳು, “ಎಲ್ಲ ಬಗೆಯ ವೆಬ್‌ಸೈಟುಗಳಿಗೆ ಸಂಪರ್ಕಿಸಿ” ಎಂಬುದನ್ನೂ ಓದಿ ನಿಲ್ಲಿಸಿದಳು.

ಆಯಿ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ನಿಂದೂ ಅದ ಏನಪಾ?”

ಅದು ಕೈಯ ಚಾಳಿ. ಯಾವ ಪುಟ ಮಾಡಿದರೂ ಬುಡದಲ್ಲಿ ಆ ಸಾಲು ತಾನಾಗಿ ಬಂದು ಕೂರುತ್ತದೆ, ನನಗೆ ಹೊಸ ಗಿರಾಕಿಗಳು ಸಿಗುವುದು ಬಹುಮಟ್ಟಿಗೆ ಅದರಿಂದಲೇ. ಎಲ್ಲ ಕಸುಬುದಾರರೂ ಹಾಕುತ್ತಾರೆ, ಇದರಲ್ಲೇನು ತಪ್ಪು ಎಂದು ಒಳಗೊಳಗೇ ಒಂದು ಕ್ಷಣ ವಾದವನ್ನೂ ಮಾಡಿದೆ. ಆದರೆ ನಾಚಿಕೆ ವಾದಕ್ಕಿಂತ ಮೊದಲೇ ಬಂದುಬಿಟ್ಟಿತ್ತು. ಸಾಲು ಅಳಿಸಿದೆ. ಮಹಾದೇವಿ ಮತ್ತೆ ಓದಿದಳು. ಈ ಸಲ ಒಂದೇ ವಾಕ್ಯಕ್ಕೆ ಓದು ಮುಗಿಯಿತು.

ಆಯಿ ಸೆರಗಿನಿಂದ ಕೈ ಹೊರಗೆ ತೆಗೆದಳು. ತಿರುವಿ ಮುರುವಿ ನೋಡಿಕೊಂಡಳು.

“ಕುತಿಗಿ ಯಾಕ ಹಂಗ ಹಿಡದೀ? ಬಂದಾಗಿಂದ ನೋಡಾಕತ್ತೀನಿ, ಈಕಡೆ ನೋಡಬೇಕಂದ್ರ ಮೈ ಎಲ್ಲಾ ತಿರವತಿ.”

ಕಂಪ್ಯೂಟರಿನ ಮುಂದೆ ಬಗ್ಗಿ ಬಗ್ಗಿ ಹಿಡಿದುಕೊಂಡಿದ್ದ ಕುತ್ತಿಗೆ. ಹೇಳಲು ನಾನು ಧೈರ್ಯ ಮಾಡಿರಲಿಲ್ಲ. “ಎಣ್ಣಿ ತಂದಿಲ್ಲ, ಆಯಿ,” ಎಂದೆ.

“ಅಂಗಡಿ ಮುಚ್ಯಾವೇನು? ಹೋಗಿ ತಗೊಂಡು ಬಾ.”

ಓಡಿದೆನೆಂದೇ ಹೇಳಬೇಕು. ಬರುವಷ್ಟರಲ್ಲಿ ಸುದ್ದಿ ತಿಳಿದು ಕಟ್ಟೆಯ ಕೆಳಗೆ ಇನ್ನಿಬ್ಬರು ಬಂದು ನಿಂತಿದ್ದರು. ಆಯಿ ತಿಕ್ಕುವಾಗ ನಾನು ಚೀರಿದೆ, ಅವರು ನಕ್ಕರು. ಕುತ್ತಿಗೆ ಪೂರ್ತಿ ನೆಟ್ಟಗಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ, ಅರ್ಧ ತಿರುಗುತ್ತಿತ್ತು. ಇನ್ನು ಅವ್ವ ಉಣ್ಣುತ್ತಾಳೆಂದು ಮಹಾದೇವಿ ಒಳಗೆ ಹೋಗಿ ರೊಟ್ಟಿ ಬಡಿಯಲು ಶುರುಮಾಡಿದಳು.

ಹೋದ ವಾರ ಸುರಪುರದ ಬಸ್ಸಿನಲ್ಲಿ ಪಕ್ಕದವರೊಬ್ಬರು ಸೊಂಟ ಹಿಡಿದುಕೊಂಡು ಕುಳಿತಿದ್ದರು. ಮಾತಿಗೆ ಮಾತು ಬಂದು ಫೋನು ತೋರಿಸಿದರು. “ನೋಡ್ರಿ, ಆಯಿ ಇವತ್ತ ಮನ್ಯಾಗ ಅದಾಳ. ಯಾರ್ ಮಾಡ್ಯಾರೋ, ಭಾಳ ಛಲೋ ಮಾಡ್ಯಾರ. ನಮ್ಮ ಹಾರ್ಡ್‌ವೇರ್ ಅಂಗಡಿಗೂ ಒಂದು ಮಾಡಸೋದಿತ್ತು. ಹೆಸರ ಹಾಕಿಲ್ಲ, ನಂಬರ ಹಾಕಿಲ್ಲ, ಎಲ್ಲಿ ಹುಡುಕಲಿ?”

ಅಂಗಿಯ ಜೇಬಿನಲ್ಲಿ ನನ್ನ ಕಾರ್ಡುಗಳಿದ್ದವು. ಕೈ ಅರ್ಧ ಮೇಲೆ ಬಂದದ್ದೂ ನಿಜ. ಒಳ್ಳೆಯ ಗಿರಾಕಿ, ದುಡ್ಡಿನದ್ದನ್ನೇ ಮಾಡಿಸುವ ಆಸಾಮಿಯ ಹಾಗೆ ಕಂಡರು.

“ಯಾರೋ ಮಾಡಿರಬೇಕ್ರಿ,” ಎಂದೆ.

ಅವರು ರಂಗಂಪೇಟೆಯಲ್ಲಿ ಮೆಲ್ಲಗೆ ಇಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಆಯಿಯ ಓಣಿಯ ಕಡೆ ನಡೆದರು. ಗಿರಾಕಿ ಹೋದದ್ದಕ್ಕೆ ಬೇಜಾರಾಯಿತು, ಇಲ್ಲ ಎನ್ನುವುದಿಲ್ಲ. ಆದರೆ ಇಷ್ಟು ವರ್ಷದ ಕಸುಬಿನಲ್ಲಿ ನಾನು ಪುಕ್ಕಟೆ ಮಾಡಿದ್ದು ಅದೊಂದೇ, ಅದನ್ನು ಹಾಗೇ ಉಳಿಸಿಕೊಳ್ಳಬೇಕೆನಿಸಿತು.