ಮೈಕಕ್ಕನ ಹಲ್ಲಿನ ಅಂಗಿ

ನನ್ನ ಗಂಡನ ಅಕ್ಕನನ್ನು ಬಸ್ ನಿಲ್ದಾಣದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕಂಡಕ್ಟರುಗಳಿಗೆ, ಕಸ ಗುಡಿಸುವವರಿಗೆ, ಪೇಪರ್ ಮಾರುವವನಿಗೆ ಅವರು ಮೈಕಕ್ಕ. ಇಪ್ಪತ್ತೊಂದು ವರ್ಷದಿಂದ ಮಹಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಪ್ರತಿ ಬಸ್ಸನ್ನೂ ಎರಡು ಸಲ ಹೇಳಬೇಕು. ಮೊದಲನೆಯ ಸಲಕ್ಕೆ ಜನ ಮಾತು ನಿಲ್ಲಿಸುತ್ತಾರೆ, ಎರಡನೆಯ ಸಲಕ್ಕೆ ಕೇಳಿಸಿಕೊಳ್ಳುತ್ತಾರೆ. ಆ ಚಾಳಿ ಮನೆಗೂ ಬಂದಿದೆ. "ಗ್ಯಾಸ್ ಮುಗಿದಿದೆ. ಗ್ಯಾಸ್ ಮುಗಿದಿದೆ." ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಇವರೇನು ನನ್ನನ್ನು ಕಿವುಡಿ ಅಂದುಕೊಂಡಿದ್ದಾರಾ ಎಂದು ನಾಲ್ಕು ದಿನ ಮುಖ ಊದಿಸಿಕೊಂಡಿದ್ದೆ.

ಅವರಿಗೆ ನಲವತ್ತಮೂರು ತುಂಬಿದಾಗ ಕೆಳಗಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಒಸಡಿನಲ್ಲಿ ರಕ್ತ ಬರಲು ಶುರುವಾಯಿತು. ಹಲ್ಲಿನ ಡಾಕ್ಟರು ಅಲೈನರ್ ಹಾಕಿಸಿಕೊಳ್ಳಿ ಎಂದರು. ಹಲ್ಲಿನ ಮೇಲೆ ಕೂರುವ, ಕಣ್ಣಿಗೆ ಕಾಣದಷ್ಟು ತಿಳಿಯಾದ ಪ್ಲಾಸ್ಟಿಕ್ ಕವಚ. ಒಟ್ಟು ಹದಿನೆಂಟು ಜೋಡಿ, ಹದಿನೈದು ದಿನಕ್ಕೊಂದು ಜೋಡಿ ಬದಲಿಸಬೇಕು, ಊಟಕ್ಕೆ ಮತ್ತು ಹಲ್ಲುಜ್ಜಲು ಮಾತ್ರ ತೆಗೆಯಬೇಕು.

"ಈ ವಯಸ್ಸಲ್ಲಿ ಹಲ್ಲಿಗೆ ಅಂಗಿ ಹೊಲಿಸ್ತಿದ್ದೀಯಲ್ಲೇ ಅಕ್ಕಾ," ಎಂದು ನನ್ನ ಗಂಡ ನಕ್ಕ. ಮನೆಯಲ್ಲಿ ಅದಕ್ಕೆ ಹಲ್ಲಿನ ಅಂಗಿ ಎಂಬ ಹೆಸರೇ ನಿಂತಿತು.

ಮಾತಿನ ವಿಷಯವನ್ನು ಡಾಕ್ಟರು ಮೊದಲೇ ಹೇಳಿದ್ದರಂತೆ. ಹೊಸ ಜೋಡಿ ಹಾಕಿದ ಒಂದೆರಡು ದಿನ 'ಸ' ತೊದಲುತ್ತದೆ, ದಿನಾ ಹತ್ತು ನಿಮಿಷ ಜೋರಾಗಿ ಓದಿದರೆ ನಾಲಗೆ ತಾನೇ ದಾರಿ ಕಂಡುಕೊಳ್ಳುತ್ತದೆ ಎಂದು. ಮೈಕಕ್ಕನ ಕೆಲಸವೋ, ಬಾಯಿ ತೆರೆದರೆ 'ಸ'. ಬಸ್ಸು, ಸಂಖ್ಯೆ, ಸಿದ್ಧವಾಗಿದೆ, ಗಮನಿಸಿ. ಆದರೆ ಪೆಟ್ಟು ಬಿದ್ದದ್ದು ಕೆಲಸದ ಕಡೆಯಿಂದ ಅಲ್ಲ.

ಮೊದಲ ಜೋಡಿ ಹಾಕಿಕೊಂಡ ಬೆಳಿಗ್ಗೆ ಅವರು ಬಚ್ಚಲಿನಿಂದ ಹೊರಬಂದು, ಹಾಲ್‌ನಲ್ಲಿ ಬಿಸಿನೀರು ಕುಡಿಯುತ್ತಾ ಕೂತಿದ್ದ ನಮ್ಮ ಅತ್ತೆಯನ್ನು ಕೇಳಿದರು: "ಅಮ್ಮ, ಬಿಥಿನೀರು ಥಾಕಾ? ಇನ್ನೂ ಥ್ವಲ್ಪ ಹಾಕ್ಲಾ?"

ಅತ್ತೆಗೆ ಕಣ್ಣು ಹೋಗಿ ಐದು ವರ್ಷವಾಗಿದೆ. ಬೆಳಕು, ಕತ್ತಲೆ ಇಷ್ಟೇ ತಿಳಿಯುತ್ತದೆ. ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಬಾಗಿಲಿನ ಕಡೆ ಮುಖ ತಿರುಗಿಸಿದರು.

"ಬಂದ್ಯಾ?" ಎಂದರು.

ಮೈಕಕ್ಕ ಗೋಡೆ ಹಿಡಿದುಕೊಂಡರು.

ಈ ಮನೆಯಲ್ಲಿ ಇನ್ನೊಬ್ಬಳಿದ್ದಳು. ಅತ್ತೆಯ ಮೊದಲ ಮಗಳು, ಎಲ್ಲರ ಬಾಯಲ್ಲಿ ದೊಡ್ಡವಳು. ಮೂವತ್ತೆರಡು ವರ್ಷದ ಹಿಂದೆ, ಹತ್ತೊಂಬತ್ತಕ್ಕೆ, ಮೂರೇ ದಿನದ ಮೆದುಳು ಜ್ವರದಲ್ಲಿ ಹೋದಳು. ಹುಟ್ಟಿದಾಗಿನಿಂದ ಅವಳ 'ಸ' ಹೀಗೇ ಇತ್ತಂತೆ. ಸಾಯುವ ಮೊದಲು ಎಂಟು ತಿಂಗಳು ಅವಳು ಬಾಯಿಯನ್ನೇ ಬಿಟ್ಟಿರಲಿಲ್ಲ. ತಲೆಯಾಡಿಸುವುದು, ಇಲ್ಲವೇ ಚೀಟಿಯಲ್ಲಿ ಬರೆದು ತೋರಿಸುವುದು. ಆಸ್ಪತ್ರೆಯಲ್ಲೂ ಒಂದು ಮಾತಾಡದೆ ಹೋದಳು. ಮಾತು ಬಿಟ್ಟ ದಿನ ಬೆಳಿಗ್ಗೆ, ಹಾಲು ಉಕ್ಕಿಸಿದಳೆಂದು ಅತ್ತೆ ಅವಳ ಕೆನ್ನೆಗೆ ಹೊಡೆದಿದ್ದರು. ಆ ಏಟಿನ ಸಿಟ್ಟಿನಲ್ಲೇ ಮಗಳು ಹೋದಳು ಎಂದು ಅತ್ತೆ ಮೂವತ್ತೆರಡು ವರ್ಷದಿಂದ ನಂಬಿದ್ದಾರೆ. ಇವತ್ತಿಗೂ ನಮ್ಮ ಮನೆಯಲ್ಲಿ ಹಾಲು ಒಲೆಯ ಮೇಲಿದ್ದರೆ ಅವರು ಮಾತು ನಿಲ್ಲಿಸಿ ಕಿವಿ ಕೊಡುತ್ತಾರೆ.

ಅತ್ತೆಗೆ ಅರುಳುಮರುಳೇನಿಲ್ಲ. ಆ ಬೆಳಿಗ್ಗೆ ಸ್ವಲ್ಪ ಹೊತ್ತಿಗೇ ಸುಧಾರಿಸಿಕೊಂಡು, "ನೀನೇ ಅಂತ ಗೊತ್ತು ಕಣೇ. ನಂಗೇನು ತಲೆ ಕೆಟ್ಟಿಲ್ಲ. ಆದ್ರೆ ಬಾಯಿ ಅವಳದ್ದು," ಎಂದರು. ಆಮೇಲೆ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು: "ಒಂದೇ ಒಂದು ಸಲ ಅವಳ ಬಾಯಲ್ಲಿ ಹೇಳ್ತೀಯಾ? ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?"

"ಥಿಟ್ಟಿಲ್ಲಮ್ಮ," ಎಂದರು ಮೈಕಕ್ಕ. "ಥಿಟ್ಟಿಲ್ಲ."

ಅವತ್ತು ಅತ್ತೆ ಎರಡು ತುತ್ತು ಹೆಚ್ಚಿಗೆ ಊಟ ಮಾಡಿದರು. ಮೈಕಕ್ಕ ಒಂದು ತುತ್ತೂ ಮುಟ್ಟಲಿಲ್ಲ. ಪಾತ್ರೆ ತೊಳೆಯುವಾಗ ನನ್ನ ಪಕ್ಕ ಬಂದು ನಿಂತು, ಮೂವತ್ತೆರಡು ವರ್ಷ ಯಾರಿಗೂ ಹೇಳದ್ದನ್ನು ಹೇಳಿದರು.

ದೊಡ್ಡವಳು ಸಂಜೆ ಹೊತ್ತು ಬೀದಿಯ ಎಂಟು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಹನ್ನೊಂದು ವರ್ಷದ ಮೈಕಕ್ಕನಿಗೆ ಅಕ್ಕನನ್ನು ಅಣಕಿಸುವುದೆಂದರೆ ಎಲ್ಲಿಲ್ಲದ ಹುರುಪು. ಒಂದು ವಾರ ಆ ಎಂಟು ಮಕ್ಕಳನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ತಾಲೀಮು ಕೊಟ್ಟರು. ಏಟು ಬಿದ್ದ ಆ ದಿನದ ಸಂಜೆಯೇ, ದೊಡ್ಡವಳು ಪದ್ಯ ಹೇಳಿ ಎಂದಾಗ, ಎಂಟು ಮಕ್ಕಳೂ ಒಟ್ಟಿಗೆ ಅವಳ ಹಾಗೆಯೇ ತೊದಲುತ್ತಾ ಸಾಲುಸಾಲಾಗಿ ಒಪ್ಪಿಸಿದವು. ಬಾಗಿಲ ಸಂದಿಯಲ್ಲಿ ನಿಂತಿದ್ದ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡವಳು ಪುಸ್ತಕ ಮುಚ್ಚಿ ಮಕ್ಕಳಿಗೆ ಮನೆಗೆ ಹೋಗಿ ಎಂದು ಕೈ ಮಾಡಿದಳು. ಆಮೇಲೆ ಯಾರೂ ಅವಳ ದನಿ ಕೇಳಲಿಲ್ಲ.

"ಹಾಗಿದ್ರೆ ಅತ್ತೆಗೆ ಹೇಳಿಬಿಡಿ," ಎಂದೆ ನಾನು. "ಪಾಪ, ಮಾಡದ ತಪ್ಪನ್ನ ಹೊತ್ಕೊಂಡು ಕೂತಿದ್ದಾರೆ."

"ಹೇಳ್ತೀನಿ," ಎಂದರು. ಎರಡನೆಯ ಸಲ ಹೇಳಲಿಲ್ಲ. ಆಗಲೇ ನನಗೆ ಅನುಮಾನ ಬಂತು.

ಮೂರನೆಯ ದಿನಕ್ಕೆ ನಾಲಗೆ ಹೊಂದಿಕೊಂಡು ಮಾತು ತಿಳಿಯಾಯಿತು. ಹದಿನೈದನೆಯ ದಿನ ಹೊಸ ಜೋಡಿ, ಮತ್ತೆ ತೊದಲು, ಮತ್ತೆ ದೊಡ್ಡವಳು. ಅತ್ತೆ ಬೆರಳು ಮಡಿಸಿ ದಿನ ಎಣಿಸತೊಡಗಿದರು. ಹೊಸ ಜೋಡಿ ಹಾಕುವ ಬೆಳಿಗ್ಗೆ ಸ್ನಾನ ಮುಗಿಸಿ, ತಲೆ ಬಾಚಿಸಿಕೊಂಡು, ನೆಂಟರನ್ನು ಕಾಯುವವರ ಹಾಗೆ ಕುರ್ಚಿಯಲ್ಲಿ ಕೂರುತ್ತಿದ್ದರು. ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು. ಹಾಗೆ ಮೈಕಕ್ಕ ಮಾತಾಡುವಾಗ ಅವರ ಮುಖ ನೋಡದೆ ನಾನು ಒಳಗೆ ಹೋಗಿ ಬೇರೇನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಆದರೆ ಒಂದು ಉತ್ತರಕ್ಕೆ ಹೊಟ್ಟೆ ತುಂಬುತ್ತದೆಯೇ? ನಾಲ್ಕನೆಯ ಜೋಡಿಯ ಹೊತ್ತಿಗೆ ಅತ್ತೆ ಕೇಳಿದರು: "ಸಿಟ್ಟಿಲ್ಲ ಅಂದ್ರೆ ಮತ್ಯಾಕೆ ಮಾತು ಬಿಟ್ಟೆ?"

ಮೈಕಕ್ಕ ಬಸ್ಸಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿದರು. ಅಲ್ಲಿಂದ ಮುಂದೆ ಹೊಸ ಜೋಡಿಯ ದಿನಗಳೆಲ್ಲ ಓಡಿಹೋಗುವ ದಿನಗಳಾದವು. ಪ್ರತಿ ಸಲವೂ ಅದೇ ಪ್ರಶ್ನೆ, ಪ್ರತಿ ಸಲವೂ ಹೊತ್ತಾಯಿತು. ಇಡೀ ಊರಿಗೆ ದಾರಿ ಹೇಳುವ ಬಾಯಿ ಸ್ವಂತ ತಾಯಿಯ ಮುಂದೆ ಹೊಲಿದುಕೊಳ್ಳುತ್ತಿತ್ತು. ನನಗೆ ರೇಗಿ ಹೋಗುತ್ತಿತ್ತು.

ನಿಲ್ದಾಣದಲ್ಲೂ ಅವರಿಗೆ ನೆಮ್ಮದಿ ಇರಲಿಲ್ಲ. ಗಾಜಿನ ಕೋಣೆಯಲ್ಲಿ ಆಡಿದ ಮಾತು ಕೊನೆಯ ಅಂಕಣದ ಸ್ಪೀಕರಿನಿಂದ ಒಂದು ಕ್ಷಣ ತಡವಾಗಿ ವಾಪಸ್ಸು ಬರುತ್ತದೆ. "ನನ್ನ ಬಾಯಿ ಸರಿಯಾದ ಮೇಲೂ ಆ ಕೊನೇ ಸ್ಪೀಕರು ತೊದಲುತ್ತೆ ಕಣೇ," ಎಂದು ಒಂದು ಸಂಜೆ ನನಗೆ ಹೇಳಿದರು. "ನಾನು ಸಿದ್ಧವಾಗಿದೆ ಅಂತೀನಿ. ಅದು ಥಿದ್ಧವಾಗಿದೆ ಅನ್ನುತ್ತೆ."

ನಾನು ಅದನ್ನು ಪರೀಕ್ಷಿಸಲೆಂದೇ ಒಂದು ದಿನ ಹೋಗಿ ಕೊನೆಯ ಅಂಕಣದ ಕಂಬದ ಕೆಳಗೆ ನಿಂತೆ. ಗಾಳಿ, ಇಂಜಿನ್ನು, ಜನರ ಗಲಾಟೆ. ನನಗೆ ಸರಿಯಾಗಿಯೇ ಕೇಳಿಸಿತು ಎಂದು ಅವರಿಗೆ ಹೇಳಿದೆ. ಆದರೆ ಆಣೆ ಮಾಡು ಎಂದರೆ ಮಾಡಲಾರೆ.

ಹೀಗೆ ಹದಿನೇಳು ಜೋಡಿ ಮುಗಿದವು. ಹಲ್ಲು ನೆಟ್ಟಗಾಯಿತು, ಮುಖ ಮಾತ್ರ ಇಳಿದುಹೋಯಿತು. ಹದಿನೆಂಟನೆಯ ಜೋಡಿ ಬಂದ ದಿನ ಭಾನುವಾರ, ಓಡಲು ಕೆಲಸದ ನೆಪವೂ ಇರಲಿಲ್ಲ. ನನ್ನ ಗಂಡ ಊರಲ್ಲಿರಲಿಲ್ಲ, ಮನೆಯಲ್ಲಿ ನಾವು ಮೂವರೇ. ಇದೇ ಕೊನೆಯದು ಎಂದು ಅತ್ತೆಗೂ ಗೊತ್ತಿತ್ತು. ಎರಡು ದಿನ ಕಳೆದರೆ ಆ ದನಿ ಮತ್ತೆಂದೂ ಬರುವುದಿಲ್ಲ. ಮೈಕಕ್ಕ ಹಲ್ಲಿಗೆ ಹೊಸ ಅಂಗಿ ತೊಡಿಸಿ ತಾಯಿಯ ಎದುರು ಮಣೆ ಹಾಕಿಕೊಂಡು ಕೂತರು.

"ಇವತ್ತಾದ್ರೂ ಹೇಳೇ," ಎಂದರು ಅತ್ತೆ. "ಆ ಏಟಿಗೇ ತಾನೇ?"

ಮೈಕಕ್ಕ ಎರಡು ಬೆರಳು ಬಾಯಿಗೆ ಹಾಕಿ ಕೆಳಗಿನದನ್ನೂ ಮೇಲಿನದನ್ನೂ ಕಿತ್ತು ನೀಲಿ ಡಬ್ಬಿಯಲ್ಲಿಟ್ಟರು. ಡಬ್ಬಿ ಮುಚ್ಚಿದ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು.

"ಅವಳು ಮಾತು ಬಿಟ್ಟಿದ್ದು ನಿನ್ನ ಏಟಿಗಲ್ಲ. ನನ್ನಿಂದ," ಎಂದರು, ತಮ್ಮದೇ ದನಿಯಲ್ಲಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. "ಅವಳು ಮಾತು ಬಿಟ್ಟಿದ್ದು ನಿನ್ನ ಏಟಿಗಲ್ಲಮ್ಮ. ನನ್ನಿಂದ." ಮಕ್ಕಳನ್ನು ಹಿತ್ತಲಿಗೆ ಕರೆದದ್ದು, ತಾಲೀಮು, ಪದ್ಯ, ನಗು, ಎಲ್ಲವನ್ನೂ ಹೇಳಿದರು.

ಅತ್ತೆ ಅಳಲಿಲ್ಲ. "ಸಿಟ್ಟಿಲ್ಲ ಅಂದಿದ್ದು?" ಎಂದು ಕೇಳಿದರು.

"ಅದೂ ನಾನೇ."

"ಹೂಂ."

ಇನ್ನು ಬೈಯುತ್ತಾರೆ, ಇಲ್ಲವೇ ತಬ್ಬಿಕೊಳ್ಳುತ್ತಾರೆ ಎಂದು ನಾನು ಕಾದೆ. ಅತ್ತೆ ಎರಡೂ ಮಾಡಲಿಲ್ಲ. ಕೈ ಚಾಚಿ ಮಗಳ ಮುಖ ತಡವಿ, ತುಟಿಯ ಮೇಲೆ ಬೆರಳು ನಿಲ್ಲಿಸಿದರು.

"ನಿಂಗೊಂದು ಗೊತ್ತಿಲ್ಲ," ಎಂದರು. "ಆ ಎಂಟು ತಿಂಗಳು ನಾನೂ ಅವಳನ್ನ ಮಾತಾಡಿಸ್ಲಿಲ್ಲ. ಹೆತ್ತವಳ ಮೇಲೆ ಇಷ್ಟು ಸಿಟ್ಟಾ, ಅವಳೇ ಮೊದ್ಲು ಮಾತಾಡ್ಲಿ ಅಂತ ಬಿಗಿದ್ಕೊಂಡಿದ್ದೆ. ತಟ್ಟೆ ಹಾಕ್ತಿದ್ದೆ, ಊಟಕ್ಕೆ ಬಾ ಅಂತ ಕರೀತಿರ್ಲಿಲ್ಲ. ನನ್ನ ಮೇಲಲ್ಲ ಅಂತ ಒಂದು ಮಾತು ಗೊತ್ತಾಗಿದ್ರೆ ಸಾಕಿತ್ತು ಕಣೇ. ಮಡಿಲಿಗೆ ಎಳ್ಕೊಂಡು ಕೇಳ್ತಿದ್ದೆ, ಯಾಕೆ ಮಗಾ ಅಂತ."

ಮೈಕಕ್ಕ ತಾಯಿಯ ಮೊಣಕಾಲಿಗೆ ತಲೆ ಕೊಟ್ಟು ಅತ್ತರು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ನಾನು ನಿಂತಲ್ಲಿಂದ ಕದಲಲಿಲ್ಲ, ಅತ್ತೆಯೂ ಆ ಕಡೆ ಕಿವಿ ಕೊಡಲಿಲ್ಲ.

"ಹಾಕ್ಕೋ ಅದನ್ನ," ಎಂದರು ಅತ್ತೆ.

"ಬೇಡಮ್ಮ."

"ಹಾಕ್ಕೋ. ಇವತ್ತು ನಾನೇ ಮೊದ್ಲು ಮಾತಾಡ್ತೀನಿ."

ಡಬ್ಬಿ ತೆರೆದ ಸದ್ದು, ಪ್ಲಾಸ್ಟಿಕ್ ಹಲ್ಲಿಗೆ ಕೂತ ಸದ್ದು. ಅತ್ತೆ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಗಂಟಲು ಸರಿಮಾಡಿಕೊಂಡು, ಮೂವತ್ತೆರಡು ವರ್ಷ ಒಳಗಿಟ್ಟುಕೊಂಡಿದ್ದ ಮಾತನ್ನು ಆಡಿದರು.

"ಊಟಕ್ಕೆ ಬಾ, ಮಗಾ."

ಮೈಕಕ್ಕ ತಲೆಯಾಡಿಸಿದರು. ಕಣ್ಣು ಕಾಣದವರ ಮುಂದೆ ತಲೆಯಾಡಿಸಿದರೆ ಸಾಕೇ? ಅತ್ತೆ ಮುಖ ಎತ್ತಿಕೊಂಡು ಕಾಯುತ್ತಲೇ ಇದ್ದರು.

"ಬಂದೆ ಅಮ್ಮ," ಎಂದಿತು ಆ ಬಾಯಿ. "ಥ್ವಲ್ಪ ಹಥಿವಾಗಿದೆ."

ಒಂದೇ ಸಲ ಹೇಳಿತು. ನಾನು ಮೂರು ತಟ್ಟೆ ತೆಗೆದುಕೊಂಡೆ, ಒಂದು ಕ್ಷಣ ನಿಂತು, ಇನ್ನೊಂದನ್ನೂ ತೆಗೆದುಕೊಂಡೆ.