ಮೊಳದುದ್ದದ ಸಿಲಿಂಡರುಗಳಿಗಾಗಿ ಚಾಂಪಿಯನ್ ರೀಫ್ಸ್‌ಗೆ

ಬಂಗಾರಪೇಟೆಯಲ್ಲಿ ಇಳಿದಾಗ ಎಂಟೂವರೆ. ಮಾರಿಕುಪ್ಪಂ ರೈಲಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಹೊರಗೆ ಎರಡು ಇಡ್ಲಿ, ಒಂದು ವಡೆ ತಿಂದು, ಹತ್ತು ರೂಪಾಯಿಯ ಟಿಕೆಟ್ ಕೊಂಡು ಕಿಟಕಿ ಹಿಡಿದೆ.

ನಾನು ಹೊರಟಿದ್ದು ವಾದ ಮಾಡಲು. ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿಯಾಗಿದ್ದ ಮಂಜುಳಾ ಈಗ ಹಳೆಯ ಚಿನ್ನದ ಗಣಿಗಳ ಊರಾದ ಚಾಂಪಿಯನ್ ರೀಫ್ಸ್ ಹತ್ತಿರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಪ್ರಯೋಗಾಲಯಕ್ಕೆ ಮೊಳದುದ್ದದ ಆರು ಗ್ಯಾಸ್ ಸಿಲಿಂಡರ್ ತರಿಸಿದ್ದಳು. ಹೊಸ ಪ್ರಿನ್ಸಿಪಾಲರು "ಇವು ಬಾಂಬುಗಳು, ವಾಪಸ್ ಕಳಿಸಿ" ಅಂದರಂತೆ. ಹುಡುಗಿಯರ ಪ್ರಯೋಗ ಅದೇ ಮಧ್ಯಾಹ್ನ. "ನಾನು ಅವರ ಕೈಕೆಳಗಿನವಳು, ನೀನಲ್ಲ. ಬಂದು ಮಾತಾಡೋ" ಎಂದು ಫೋನ್ ಮಾಡಿದ್ದಳು.

ಬೋಗಿಯಲ್ಲಿ ಇಬ್ಬರು ಕನ್ನಡದಲ್ಲಿ ಜಗಳ ಶುರುಮಾಡಿ, ತೆಲುಗಿನಲ್ಲಿ ಬೆಳೆಸಿ, ತಮಿಳಿನಲ್ಲಿ ಮುಗಿಸಿದರು. ಒಂದೇ ಭಾಷೆಯಲ್ಲಿ ವಾದಿಸಬಲ್ಲ ನನಗೆ ಹೊಟ್ಟೆಕಿಚ್ಚಾಯಿತು.

ಪ್ರಯೋಗಾಲಯದ ಸಹಾಯಕಿ ಸೆಲ್ವಮ್ಮ ಸಿಲಿಂಡರುಗಳನ್ನು ಬಿಸಿಲು ಬೀಳದ, ಗಾಳಿಯಾಡುವ ಕಡೆ, ಗೂಡುಗಳಿರುವ ಕಬ್ಬಿಣದ ಸ್ಟ್ಯಾಂಡುಗಳಲ್ಲಿ ನೆಟ್ಟಗೆ ನಿಲ್ಲಿಸಿದ್ದರು. ಹೈಡ್ರೋಜನ್ ಒಂದು ಗೋಡೆಗೆ, ಆಕ್ಸಿಜನ್ ಎದುರು ಗೋಡೆಗೆ. ಮೊದಲೇ ಪರೀಕ್ಷಿಸಿ ನೋಡಿ ಖಾಲಿಯಾದ ಒಂದು ಹೈಡ್ರೋಜನ್ ಸಿಲಿಂಡರಿಗೆ ಬೇರೆಯೇ ಗೂಡು. ಎಲ್ಲದರ ಕುತ್ತಿಗೆಗೂ ಹಿತ್ತಾಳೆ ಬಿಲ್ಲೆ.

"ಇದೇನು, ತಾಳಿಯಾ?"

"ಟೋಕನ್, ತಂಬಿ. ನಮ್ಮಪ್ಪ ಗಣಿಗಿಳಿಯೋವಾಗ ಮೇಲೆ ಟೋಕನ್ ಬಿಟ್ಟು ಓಗ್ತಿದ್ರು. ಪಾಳಿ ಮುಗಿದ್ಮೇಲೂ ಟೋಕನ್ ಉಳೀತು ಅಂದ್ರೆ ಆಳು ಒಳಗೇ ಅವ್ನೆ ಅಂತ. ಇಲ್ಲೂ ಅಂಗೇ. ಬಾಟ್ಲಿ ಗೂಡು ಬಿಟ್ರೆ ಟೋಕನ್ ಗೋಡೆ ಮೇಲಿನ ಬೋರ್ಡಿಗೆ."

"ಖಾಲಿಯದಕ್ಕೂ ಇಷ್ಟು ಶಾಸ್ತ್ರವೇ?"

"ಖಾಲಿ ಅಂತ ಯಾರ್ ಯೋಳಿದ್ದು? ಒಳಗೆ ಚೂರು ಉಳ್ಕೊಂಡೇ ಇರ್ತದೆ."

ನಾನು ನಕ್ಕೆ.

ಹನ್ನೊಂದಕ್ಕೆ ಪ್ರಿನ್ಸಿಪಾಲರು ಬಂದರು. ಎರಡು ಅಂಶ ಮಂಡಿಸಿದೆ. ಮೂರನೆಯದಕ್ಕೆ ಖಾಲಿ ಸಿಲಿಂಡರನ್ನೇ ಎತ್ತಿ ಹಿಡಿದು, "ಇದನ್ನು ಕಂಡು ಹೆದರೋದಾ ಸಾರ್?" ಅಂದೆ. ಸೆಲ್ವಮ್ಮ ಅದರ ಬಿಲ್ಲೆ ಬಿಚ್ಚಿ ಬೋರ್ಡಿಗೆ ಸಿಕ್ಕಿಸಿದರು. ನಾಲ್ಕನೆಯದಕ್ಕೆ ಎರಡೂ ಕೈ ಬೇಕಾದವು.

"ಮಾತು ಚೆನ್ನಾಗಿದೆ," ಎಂದರು ಪ್ರಿನ್ಸಿಪಾಲರು. "ನೀವು ಸಂಜೆ ರೈಲು ಹತ್ತುತ್ತೀರಿ. ಆಮೇಲೆ ಇವನ್ನು ಕಾಯೋರು ಯಾರು? ವಾಪಸ್ ಕಳಿಸಿ." ಎದ್ದರು. ಮಂಜುಳಾಳ ಮುಖ ಸಣ್ಣಗಾಯಿತು.

ಸೆಲ್ವಮ್ಮ ಬಾಗಿಲಿಗೆ ಅಡ್ಡ ನಿಂತರು. "ಯಾರೂ ಓಗಂಗಿಲ್ಲ ಸಾರ್. ಬೋರ್ಡಿನಾಗೆ ಒಂದು ಟೋಕನ್ ಐತೆ." ನನ್ನತ್ತ ತಿರುಗಿದರು. "ಬಾಟ್ಲಿ ಎಲ್ಲಿಕ್ಕಿದೆ?"

ನನಗೆ ನೆನಪೇ ಇಲ್ಲ! ಅವರು ಮೇಜಿನ ಡ್ರಾಯರ್ ಎಳೆದರು. ಸಿಲಿಂಡರ್ ಗಡಗಡ ಉರುಳಿತು. ಮಾತಿನ ಭರದಲ್ಲಿ ನಾನೇ ಅದರೊಳಗೆ ಹಾಕಿ ಮುಚ್ಚಿದ್ದೆ.

"ಮುಚ್ಚಿದ ಡ್ರಾಯರಿನಾಗೆ ಮಲಗ್ಸವ್ನೆ! ಸೋರಿದ್ರೆ ಗ್ಯಾಸು ಅಲ್ಲೇ ತುಂಬ್ಕೊಂತದೆ. ಓದಿದೋನಂತೆ ಓದಿದೋನು!"

ಪ್ರಿನ್ಸಿಪಾಲರು ಜೋರಾಗಿ ನಕ್ಕುಬಿಟ್ಟರು. "ಲ್ಯಾಬಿನ ಬೀಗದ ಕೈ ಈಯಮ್ಮನ ಹತ್ತಿರ ಇರಲಿ ಮಂಜುಳಾ. ಸಿಲಿಂಡರೂ ಇರಲಿ." ನನ್ನನ್ನು ನೋಡಿ, "ನಿಮ್ಮ ವಾದಕ್ಕಲ್ಲ" ಎಂದೂ ಸೇರಿಸಿದರು.

ಮಧ್ಯಾಹ್ನ ಹೈಡ್ರೋಜನ್ ತುಂಬಿದ ಸೋಪಿನ ಗುಳ್ಳೆಗಳು ಒಂದೊಂದಾಗಿ ಮೇಲೆದ್ದವು. ಉದ್ದ ಕಡ್ಡಿಯ ಬೆಂಕಿ ತಗುಲಿದ ಕೂಡಲೇ ಟಪ್! ರಕ್ಷಣೆಯ ಕನ್ನಡಕ ಹಾಕಿದ್ದ ಹುಡುಗಿಯರು ಕಿರುಚಿ, ನಕ್ಕು, "ಮೇಡಂ, ಇನ್ನೊಂದು!" ಎಂದು ಗೋಗರೆದರು. ನಾನೂ ಗೋಗರೆದೆ.

ಸಂಜೆ ಮಂಜುಳಾ, ಸೆಲ್ವಮ್ಮ ಇಬ್ಬರೂ ಚಾಂಪಿಯನ್ ನಿಲ್ದಾಣದವರೆಗೆ ಬಂದರು. "ಮುಂದಿನ ಸಲ ಕೈ ಕಟ್ಕೊಂಡು ವಾದ ಮಾಡು, ತಂಬಿ," ಎಂದರು ಸೆಲ್ವಮ್ಮ. ರೈಲು ಹೊರಟಿತು. ಕಿಟಕಿಯಿಂದ ಎರಡೂ ಅಂಗೈಗಳನ್ನು ಬಿಡಿಸಿ, ಏನೂ ಒಯ್ಯುತ್ತಿಲ್ಲವೆಂದು ತೋರಿಸಿದೆ.