ಒತ್ತಿ ಕೇಳು

"ಅಮ್ಮಾ, ಕಾರು ಕುಣಿದ್ರೆ ಮಾಮ ಯಾಕೆ ನಗ್ತಾರೆ?"

ಮಹಡಿಯ ಕಿಟಕಿಗೆ ಗಲ್ಲ ಊರಿ ನಿಂತಿದ್ದ ನಾಲ್ಕು ವರ್ಷದ ಮಗಳು ಕೇಳಿದ್ದು ತಾಯಿಯನ್ನು. ನಾಟಿದ್ದು ಕೆಳಗೆ ವರ್ಕ್‌ಶಾಪಿನ ಅಂಗಳದಲ್ಲಿದ್ದ ಮಾಮನಿಗೆ. ತಟ್ಟನೆ ಮುಖ ಗಂಟು ಹಾಕಿಕೊಂಡು, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸತೊಡಗಿದ.

ಹದಿನೆಂಟು ವರ್ಷದಿಂದ ಆ ವರ್ಕ್‌ಶಾಪಿನಲ್ಲಿ ಶಾಕ್ ಅಬ್ಸಾರ್ಬರ್ ಅಂದರೆ ಅವನೇ. ಅಳತೆ, ಪುಸ್ತಕ ಎಲ್ಲ ಆಮೇಲೆ. ಮೊದಲು ಕಾರಿನ ಮೂಲೆಯ ಮೇಲೆ ಅಂಗೈ ಊರಿ ಮೈಭಾರ ಬಿಡುವುದು, ಕೈ ತೆಗೆಯುವುದು, ಎದ್ದ ಕಾರು ಎಷ್ಟು ಬೇಗ ಸುಮ್ಮನಾಗುತ್ತದೆಂದು ನೋಡುವುದು. ಯಾರು ಏನು ಕೇಳಿದರೂ "ನನ್ನನ್ನೇನು ಕೇಳ್ತೀಯ? ಒತ್ತಿ ಕೇಳು" ಅನ್ನುತ್ತಿದ್ದ. ಬೆನ್ನ ಹಿಂದೆ ಅವನ ಅಡ್ಡಹೆಸರೇ ಅದಾಗಿತ್ತು. ಅದು ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದ.

ಯಜಮಾನರ ಮಗಳು ಬರುವ ಭಾನುವಾರದ ಗುಡ್ಡದ ರೇಸಿಗೆಂದು ತನ್ನ ಕಾರನ್ನು ಹಗುರ ಮಾಡಿಸಿದಳು. ಹಿಂದಿನ ಸೀಟು, ನೆಲಹಾಸು, ಸ್ಟೆಪ್ನಿ ಎಲ್ಲ ಕಿತ್ತರು. ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಬಂತು. ನೂರೈವತ್ತು ಕಿಲೋ ಇಳಿಯಿತು. ಇಳಿದ ತೂಕಕ್ಕೆ ಮೆದುವಾದದ್ದೇ ಸರಿಯೆಂದು ಅವನು ಯಾರೂ ಹೇಳುವ ಮೊದಲೇ ಹಿಂದಿನ ಚಕ್ರಗಳಿಗೆ ಒಂದು ಜೋಡಿ ಶಾಕ್ ಅಬ್ಸಾರ್ಬರ್ ಆರಿಸಿಟ್ಟಿದ್ದ. ಆದರೆ ಯಜಮಾನರು ಕಾರನ್ನು ಒಪ್ಪಿಸಿದ್ದು ಮೂರು ತಿಂಗಳ ಹಿಂದೆ ಸೇರಿದ ಹೊಸಬನಿಗೆ. ಅವನು ಲ್ಯಾಪ್‌ಟಾಪ್ ಬಿಚ್ಚಿ ಏನೋ ಗೆರೆ ತೋರಿಸಿದ, ಯಜಮಾನರು ತಲೆದೂಗಿದರು. ಆ ತಲೆದೂಗು ನೋಡಿ ಇವನ ಹೊಟ್ಟೆ ಧಗಧಗ ಉರಿಯಿತು. ತಾನು ಆರಿಸಿದ ಜೋಡಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೂಲೆಗೆ ತಳ್ಳಿದ.

ಹೊಸಬ ಲೆಕ್ಕಕ್ಕೆ ಹಿಡಿದದ್ದು ಕಾರಿನ ಹಳೇ ತೂಕ. ತಂದದ್ದು ಗಟ್ಟಿ ಜೋಡಿ. ಅಂಗಳದ ಉಬ್ಬು ದಾಟುವಾಗ ಕಾರಿನ ಹಿಂಭಾಗ ಆಡಿನ ಮರಿಯಂತೆ ಪುಟಿಯಿತು. ರೇಸ್ ಕಾರು ಹೀಗೇ ಇರೋದು ಅಂತ ಹೊಸಬ ಎಲ್ಲರಿಗೂ ಸಮಾಧಾನ ಹೇಳಿದ. ಇವನಿಗೆ ಹಾಲು ಕುಡಿದಷ್ಟು ಸಂತೋಷ. ಭಾನುವಾರ ನಾಲ್ಕು ಜನರೆದುರು ಅವನ ಮಾನ ಹೋಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡ. ಮಗು ಕಂಡದ್ದು ಆ ನಗುವನ್ನೇ.

ಆದರೆ ಭಾನುವಾರ ಸ್ಟೇರಿಂಗ್ ಹಿಡಿಯುವವಳು ಯಜಮಾನರ ಮಗಳು. ಅವಳಿಗೆ ಕ್ಲಚ್ ಬಿಡಲು ಕಲಿಸಿದವನೇ ಇವನು. ಗುಡ್ಡದ ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟರೆ?

ಮಧ್ಯಾಹ್ನ ಊಟಕ್ಕೆ ಮೆಟ್ಟಿಲು ಹತ್ತಿ ತಂಗಿಯ ಮನೆಗೆ ಬಂದವನು ತಟ್ಟೆಯಲ್ಲಿ ಬೆರಳಾಡಿಸಿದ. ಹೊಸಬನ ಇಸ್ತ್ರಿ ಅಂಗಿಯಿಂದ ಹಿಡಿದು ಅವನ ಕ್ರಾಪಿನವರೆಗೆ ಎಲ್ಲವನ್ನೂ ಬೈದ. ನಡುನಡುವೆ, ಯಾರಿಗೂ ಕೇಳಿಸದಿರಲಿ ಎಂಬಂತೆ, ಅಟ್ಟದ ಜೋಡಿಯ ವಿಷಯವನ್ನೂ ಹೇಳಿದ.

"ಅಣ್ಣ, ಏನೋ ಸುಟ್ಟ ವಾಸನೆ," ಎಂದಳು ತಂಗಿ. "ಒಲೆ ಆರಿಸಿ ಆಗ್ಲೇ ಒಂದು ಗಂಟೆ ಆಯ್ತು."

"ನಗಬೇಡ ಕಣೇ. ದಿನಾ ಬರೀತೀಯಲ್ಲ, ಆ ಡೈರೀಲಿ ಒಂದು ಹಾಳೆ ಹರಿ. 'ಹಳೇ ತೂಕ ಹಿಡಿದಿದ್ದೀಯ, ಸರಿಯಾದ ಜೋಡಿ ಅಟ್ಟದ ಮೇಲಿದೆ' ಅಂತ ಬರಿ. ಅವನ ಟಿಫಿನ್ ಡಬ್ಬಿ ಕೆಳಗಿಟ್ಟು ಬಾ. ನನ್ನ ಅಕ್ಷರ ಅವನು ಗುರುತು ಹಿಡೀತಾನೆ. ಹೆಸರು ಮಾತ್ರ ಹಾಕಬೇಡ."

ತಂಗಿ ಬರೆದಳು. ಬಾಗಿಲವರೆಗೆ ಹೋದವನು ನಿಂತ, ಚಪ್ಪಲಿಯಲ್ಲಿ ಕಾಲು ತೂರಿಸುತ್ತ ಗೋಡೆಗೆ ಹೇಳುವಂತೆ ಹೇಳಿದ:

"ಕೊನೇಲಿ 'ಒತ್ತಿ ಕೇಳು' ಅಂತ ಒಂದು ಮಾತು ಸೇರಿಸಿಬಿಡು. ಸ್ವಲ್ಪ ದಪ್ಪಕ್ಷರದಲ್ಲಿ."